ಬಾಡಿಗೆ ಕೊಡದ ಅತಿಥಿಗಳಿಗೊಂದು ಬಹಿರಂಗ ಪತ್ರ

ಗೆ,
ಶಿಲೀಂಧ್ರ ನೊಣ ಉರುಫ್ ಕುಂಡದ ಗುಂಗುರು ಮತ್ತು ಸಮಸ್ತ ಕುಟುಂಬವರ್ಗ,
ಮನಿಪ್ಲಾಂಟ್ ಕುಂಡದ ಮೇಲ್ಮಣ್ಣು, ಹೋಂಸ್ಟೇಯ ಹಜಾರ,
ಸೋಮವಾರಪೇಟೆ.

ವಿಷಯ: ಮುಂಗಡವಿಲ್ಲದೆ, ಗುರುತಿನ ಚೀಟಿಯಿಲ್ಲದೆ, ಅವಧಿ ಮೀರಿ ತಂಗಿರುವ ಬಗ್ಗೆ.

ಮಾನ್ಯರೇ,

ಮಲ್ಲಳ್ಳಿ ಜಲಪಾತ ನೋಡಲು, ಪುಷ್ಪಗಿರಿ ಹತ್ತಲು ಬರುವವರು ನಮ್ಮಲ್ಲಿ ಎರಡು ರಾತ್ರಿ ಉಳಿದು, ಲೆಕ್ಕ ಚುಕ್ತಾ ಮಾಡಿ ಹೊರಡುತ್ತಾರೆ. ತಾವು ಮುಂಗಾರಿನ ಜೊತೆಗೆ ಬಂದವರು, ದಸರಾ ಹತ್ತಿರವಾದರೂ ಹೊರಡುವ ಸೂಚನೆಯಿಲ್ಲ. ನಡುವೆ ಮೊಮ್ಮಕ್ಕಳು, ಮರಿಮಕ್ಕಳೂ ಸೇರಿಕೊಂಡಿದ್ದಾರೆ. ಬೆಂಗಳೂರಿನ ಅತಿಥಿಯೊಬ್ಬರು ತಮ್ಮ ಕಾಫಿ ಲೋಟದಲ್ಲಿ ಈಜುತ್ತಿದ್ದ ನಿಮ್ಮವರೊಬ್ಬರನ್ನು ತೋರಿಸಿ ಇದೇನೆಂದು ಕೇಳಿದರು. ಪಶ್ಚಿಮಘಟ್ಟದ ಜೀವವೈವಿಧ್ಯ ಎಂದೆ. ಫೋಟೊ ತೆಗೆದುಕೊಂಡರು.

ನಮ್ಮೂರಿನ ಮಾನದ ಪ್ರಶ್ನೆಯೂ ಇದರಲ್ಲಿದೆ. ನಾವು ಸಣ್ಣಪುಟ್ಟ ಶತ್ರುಗಳನ್ನು ಕಂಡವರಲ್ಲ. ಅರೇಬಿಕಾ ಗಿಡದ ಒಡಲು ಕೊರೆಯುವ ಬಿಳಿ ಕಾಂಡಕೊರಕದ ಜೊತೆ ಅಜ್ಜನ ಕಾಲದಿಂದ ಯುದ್ಧದಲ್ಲಿದ್ದೇವೆ. 1990ರಲ್ಲಿ ನೀಲಗಿರಿಯ ಗೂಡಲೂರಿನಲ್ಲಿ ಮೊದಲು ಕಾಣಿಸಿಕೊಂಡ ಕಾಯಿಕೊರಕ ನಮ್ಮ ತೋಟಕ್ಕೂ ಬಂತು. ಉದುರಿದ ಹಣ್ಣನ್ನೆಲ್ಲ ನೆಲದಿಂದ ಹೆಕ್ಕುವುದನ್ನು ಕಲಿಸಿತು. 1847ರಲ್ಲಿ ಒಬ್ಬ ಆಂಗ್ಲ ಸಾಹೇಬ ಮಾರಿಷಸ್‌ನಿಂದ ತಂದು ಕಲ್ಕತ್ತೆಯ ತೋಟದಲ್ಲಿ ಬಿಟ್ಟ ಆಫ್ರಿಕನ್ ಬಸವನಹುಳುವಿನ ಸಂತತಿ ಶನಿವಾರಸಂತೆಯ ತೋಟಗಳವರೆಗೂ ತೆವಳಿ ಬಂದಿದೆ. ಆನೆಯ ವಿಷಯ ಬಿಡಿ, ಅದು ಬೇರೆಯೇ ಪತ್ರ. ಇಷ್ಟೆಲ್ಲವನ್ನೂ ಎದುರಿಸಿದ ಜನ ಎರಡು-ಮೂರು ಮಿಲಿಮೀಟರ್ ಉದ್ದದ, ನೆಟ್ಟಗೆ ಹಾರಲೂ ಬಾರದ, ಕಚ್ಚಲೂ ತಿಳಿಯದ ನಿಮ್ಮ ಮುಂದೆ ಸೋತಿದ್ದಾರೆಂದು ಸಂತೆಯಲ್ಲಿ ಗೊತ್ತಾದರೆ ತಲೆಯೆತ್ತಿ ತಿರುಗುವುದು ಹೇಗೆ?

ನಿಮ್ಮ ಸಂಸಾರದ ವಿವರ ನಮ್ಮ ಬಳಿ ಇದೆ. ತಾಯಿಯಾದವಳು ಒದ್ದೆ ಮೇಲ್ಮಣ್ಣಿನಲ್ಲಿ ನೂರು-ಇನ್ನೂರು ಮೊಟ್ಟೆಯಿಡುತ್ತಾಳೆ. ನಾಲ್ಕಾರು ದಿನಕ್ಕೆ ಗಾಜಿನಂಥ ಮೈ, ಮಿರುಗುವ ಕರಿತಲೆಯ ಮರಿಹುಳು ಹೊರಬರುತ್ತದೆ. ಸುಮಾರು ಎರಡು ವಾರ ಮಣ್ಣಿನ ಬೂಸ್ಟು, ಪಾಚಿ, ಕೊಳೆತ ಎಲೆ ತಿನ್ನುತ್ತದೆ. ಅದು ಸಾಲದಾದಾಗ ಎಳೆಬೇರಿಗೂ ಬಾಯಿ ಹಾಕುತ್ತದೆ. ಆಮೇಲೆ ಕೋಶ, ಆಮೇಲೆ ರೆಕ್ಕೆ, ಆಮೇಲೆ ನನ್ನ ಕಾಫಿ. ಮೂರು-ನಾಲ್ಕು ವಾರಕ್ಕೆ ಒಂದು ತಲೆಮಾರು ಮುಗಿಯುತ್ತದೆ. ಕಣ್ಣಿಗೆ ಕಾಣುವ ನೀವು ಒಂದು ವಾರದ ನೆಂಟರು; ನಿಜವಾದ ಕುಟುಂಬ ಇರುವುದು ಮೇಲಿನ ಎರಡು-ಮೂರು ಅಂಗುಲ ಮಣ್ಣಿನಲ್ಲಿ.

ಊಟ-ವಸತಿ ಒದಗಿಸಿದವರು ಯಾರು ಎಂಬ ಪ್ರಶ್ನೆ ಬಂದರೆ ಮಾತ್ರ ನನ್ನ ದನಿ ಸ್ವಲ್ಪ ತಗ್ಗುತ್ತದೆ. ಕಾಫಿ ಸಸಿಯ ಚೀಲಕ್ಕೆ ಆರು ಪಾಲು ಕಾಡುಮಣ್ಣು, ಎರಡು ಪಾಲು ಚೆನ್ನಾಗಿ ಕಳಿತ ಗೊಬ್ಬರ, ಒಂದು ಪಾಲು ಮರಳು ಎಂದು ಅಳೆದು, ಜರಡಿ ಹಿಡಿದು ತುಂಬುವ ಊರಿದು. ಅದೇ ಕೈ ಮನೆಯೊಳಗಿನ ಕುಂಡಕ್ಕೆ ಬಂದರೆ ಅರೆಬೆಂದ ಸಗಣಿಗೊಬ್ಬರ, ಇನ್ನೂ ಬಿಸಿಯಾರದ ಕಾಫಿ ಸಿಪ್ಪೆ ಎಲ್ಲವನ್ನೂ ಒತ್ತಿ ತುಂಬುತ್ತದೆ. ಮುಂಗಾರಿಗೆ ಮೊದಲೇ ತೋಟದ ಚರಂಡಿ ಬಿಡಿಸಿ, ಮೆಣಸಿನ ಬಳ್ಳಿಯ ಬುಡದಲ್ಲಿ ನೀರು ನಿಂತರೆ ಸೊರಗು ರೋಗ ಬಂದೀತೆಂದು ನಿದ್ದೆಗೆಡುವವರು, ಮನಿಪ್ಲಾಂಟ್ ಕೆಳಗಿನ ತಟ್ಟೆ ತುಂಬಿ ತುಳುಕಿದರೂ ಕಣ್ಣೆತ್ತಿ ನೋಡುವುದಿಲ್ಲ. ಶಾಂತಳ್ಳಿ ಕಡೆ ಮಳೆ ಹಿಡಿದರೆ ಒಣಹಾಕಿದ ಬಟ್ಟೆ ವಾರವಾದರೂ ಒಣಗದು. ಪ್ಲಾಸ್ಟಿಕ್ ಕುಂಡದ ಮಣ್ಣು ಒಣಗುವುದುಂಟೇ? ಆದರೂ ಬೆಳಗಾದರೆ ಅದಕ್ಕೊಂದು ಚೊಂಬು ನೀರು. ಗಿಡದ ಮೇಲಿನ ಪ್ರೀತಿಯಂತೆ. ತೋಟದ ಬುದ್ಧಿಯನ್ನು ಚಪ್ಪಲಿಯ ಜೊತೆ ಹೊಸ್ತಿಲಾಚೆ ಬಿಟ್ಟು ಬರುವ ಪದ್ಧತಿ ನಮ್ಮದು. ಅದರಿಂದ ಬದುಕಿದವರು ನೀವು.

ಇನ್ನು ನಿಮ್ಮ ಮೇಲೆ ನಾವು ನಡೆಸಿದ ದಾಳಿಗಳು. ಸೊಳ್ಳೆ ಬ್ಯಾಟು ಬೀಸಿದೆವು. ಚಟಪಟ ಸದ್ದಿಗೆ ಮಕ್ಕಳು ಖುಷಿಪಟ್ಟರು, ಮಣ್ಣಿನೊಳಗಿನ ಮರಿಗಳಿಗೆ ಸುದ್ದಿಯೂ ಮುಟ್ಟಲಿಲ್ಲ. ಕಾಫಿ ನಾಡಿನವರಾದ್ದರಿಂದ ಚರಟ ಹಾಕಿದೆವು. ಒದ್ದೆ ಚರಟದ ಮೇಲೆ ಎರಡು ದಿನಕ್ಕೆ ಬಿಳಿ ಬೂಸ್ಟು ಬೆಳೆಯಿತು. ನೀವು ಅದನ್ನು ಬೆಳಗಿನ ಉಪಾಹಾರವೆಂದು ಸ್ವೀಕರಿಸಿದಿರಿ. ಮಣ್ಣಿನ ಮೇಲೆ ಮರಳು ಹಾಸಿದೆವು. ನೀವು ಕೆಳಗಿನ ನೀರಿಳಿಯುವ ತೂತಿನಿಂದ ಓಡಾಡಿದಿರಿ. ನೆರೆಯವರೊಬ್ಬರು ತಮ್ಮ ಸ್ಟೋರಿನ ಮೂಲೆಯಲ್ಲಿ ಹಳೆಯ ಥಿಮೆಟ್ ಕಾಳು ಇದೆ, ಒಂದು ಚಿಟಿಕೆ ಹಾಕಿದರೆ ಸಾಕು ಎಂದರು. ಥಿಮೆಟ್ ಎಂದರೆ ಫೋರೇಟ್. 2020ರ ಡಿಸೆಂಬರ್ 31ರಿಂದ ದೇಶದಲ್ಲೇ ನಿಷೇಧವಾದ ವಿಷ. ಮಲಗುವ ಕೋಣೆಯ ಕುಂಡಕ್ಕೆ ಅದನ್ನು ಹಾಕಿದರೆ ಮೊದಲು ಖಾಲಿ ಮಾಡಬೇಕಾದವರು ನಾವೇ. ಈ ವಿಷಯದಲ್ಲಿ ನಿಮ್ಮ ಹಿತ, ನಮ್ಮ ಹಿತ ಒಂದೇ ಆಗಿರುವುದನ್ನು ದಾಖಲಿಸುತ್ತೇನೆ.

ಆದ್ದರಿಂದ ಈ ಪತ್ರ ತಲುಪಿದಂದಿನಿಂದ ಜಾರಿಗೆ ಬರುವ ಕ್ರಮಗಳು ಹೀಗಿವೆ.

ಮೊದಲು ಜನಗಣತಿ. ಹಸಿ ಆಲೂಗಡ್ಡೆಯ ಬಿಲ್ಲೆಯನ್ನು ಮಣ್ಣಿಗೆ ಒತ್ತಿಟ್ಟು ಎರಡು-ಮೂರು ದಿನ ಬಿಟ್ಟು ಮಗುಚಿದರೆ, ಕೆಳಗೆ ಕರಿತಲೆಗಳು ಸಾಲಾಗಿ ಹಾಜರಿರುತ್ತವೆ. ಎರಡನೆಯದು, ನೀರಿನ ಕಡಿತ: ಬೆರಳು ಅಂಗುಲ ಆಳಕ್ಕೆ ಇಳಿದಾಗ ಮಣ್ಣು ಒಣಗಿದೆ ಅನ್ನಿಸುವವರೆಗೆ ಚೊಂಬು ಮುಟ್ಟುವಂತಿಲ್ಲ. ಮನಿಪ್ಲಾಂಟು, ಸ್ನೇಕ್ ಪ್ಲಾಂಟುಗಳು ಇದನ್ನು ತಾಳಿಕೊಳ್ಳುತ್ತವೆ. ಪೀಸ್ ಲಿಲ್ಲಿ ಒಂದಿಷ್ಟು ಬಾಡಿ ನಾಟಕ ಮಾಡಿ ನೀರು ಕಂಡೊಡನೆ ಎದ್ದು ನಿಲ್ಲುತ್ತದೆ. ಮೊಟ್ಟೆ-ಮರಿಗಳಿಗೆ ಮಾತ್ರ ಆ ಒಣ ಅಂಗುಲ ಸಾವಿನ ಹಾಸಿಗೆ. ನೀರು ಕೊಡುವಾಗಲೂ ತಟ್ಟೆಯಲ್ಲಿ ಕೊಟ್ಟು, ಬೇರು ಕೆಳಗಿನಿಂದ ಹೀರಿದ ಮೇಲೆ ಉಳಿದದ್ದನ್ನು ಚೆಲ್ಲಲಾಗುವುದು. ಮೂರನೆಯದು ಹಳದಿ ಅಂಟುಕಾರ್ಡು. ಗೊಬ್ಬರದಂಗಡಿಯದ್ದಾದರೂ ಸರಿ, ಹಳದಿ ರಟ್ಟಿಗೆ ಹರಳೆಣ್ಣೆ ಸವರಿದ್ದಾದರೂ ಸರಿ. ಅದು ಮಣ್ಣಿನ ಮಟ್ಟದಲ್ಲೇ ಇರುತ್ತದೆ, ಏಕೆಂದರೆ ನೀವು ಅಲ್ಲೇ ಓಡಾಡುವವರು.

ಇಷ್ಟಕ್ಕೂ ಬಗ್ಗದಿದ್ದರೆ ದೂರದವರೊಬ್ಬರನ್ನು ಕರೆಸಲಾಗುವುದು. 1976ರಲ್ಲಿ ಇಸ್ರೇಲಿನ ನೆಗೆವ್ ಮರುಭೂಮಿಯ ನಿಂತ ನೀರಿನಲ್ಲಿ ಸಿಕ್ಕ ಒಂದು ಬ್ಯಾಕ್ಟೀರಿಯಾ ಅದು. ಬಿಟಿಐ ಎನ್ನುತ್ತಾರೆ. ಸೊಳ್ಳೆಮರಿಗಳ ಮೇಲೆ ಪ್ರಯೋಗಿಸಲು ಪುದುಚೇರಿಯ ರೋಗವಾಹಕ ನಿಯಂತ್ರಣ ಸಂಶೋಧನಾ ಕೇಂದ್ರವೂ ಇದರದೊಂದು ತಳಿಯನ್ನು ಬೆಳೆಸಿದೆ. ನೀರಿನಲ್ಲಿ ಕಲಸಿ ಮಣ್ಣಿಗೆ ಹುಯ್ದರೆ ನಿಮ್ಮ ಮರಿ ಅದನ್ನು ತಿನ್ನುತ್ತದೆ. ಅದರ ಹೊಟ್ಟೆಯ ಕ್ಷಾರದಲ್ಲಿ ವಿಷ ಬಿಚ್ಚಿಕೊಳ್ಳುತ್ತದೆ. ನಮಗೂ ನಾಯಿಗೂ ಅಂಥ ಹೊಟ್ಟೆಯಿಲ್ಲ. ರೆಕ್ಕೆ ಬಂದವರಿಗೆ ಅದು ತಟ್ಟದು, ಮಣ್ಣಿನಲ್ಲಿ ಬಹುದಿನ ಉಳಿಯದು. ಹಾಗಾಗಿ ಒಂದು ತಲೆಮಾರು ಕಳೆಯುವವರೆಗೆ, ಅಂದರೆ ತಿಂಗಳ ಕಾಲ, ವಾರಕ್ಕೊಮ್ಮೆ. ಕಂಬಳಿಹುಳಕ್ಕೆ ಮಾರುವ ಇನ್ನೊಂದು ಬಿಟಿ ನಿಮಗೆ ನಾಟುವುದಿಲ್ಲವೆಂಬುದೂ ನಮಗೆ ಗೊತ್ತಾಗಿದೆ; ಅಂಗಡಿಯವರ ಗಡಿಬಿಡಿಯನ್ನು ನಂಬಿ ಕೂರಬೇಡಿ.

ನಿಮ್ಮ ಸಹವಾಸಿಗಳಿಗೂ ಎರಡು ಮಾತು. ಬೇರಿಗೆ ಹತ್ತಿಯಂತೆ ಮೆತ್ತಿಕೊಂಡಿರುವ ಹಿಟ್ಟುತಿಗಣೆಯವರೇ, ಮೆಣಸಿನ ಬಳ್ಳಿಯ ಬುಡದಿಂದಲೇ ನಿಮ್ಮ ಪರಿಚಯವಿದೆ. ನಿಮ್ಮನ್ನು ಹೊತ್ತು ತಿರುಗುವ ಇರುವೆಗಳ ಪರಿಚಯವೂ ಇದೆ. ಬೇರು ತೊಳೆದು ಹೊಸ ಮಣ್ಣಿಗೆ ಕೂರಿಸುವಾಗ ನಿಮಗೆ ಜಾಗ ಕಾಯ್ದಿರಿಸುವುದಿಲ್ಲ. ಗೊಣ್ಣೆಹುಳುವೇ, ಇನ್ನು ಮುಂದೆ ಗೊಬ್ಬರ ಜರಡಿ ದಾಟಿಯೇ ಒಳಗೆ ಬರುತ್ತದೆ. ಮಾರ್ಚ್ ತಿಂಗಳ ಬಿಸಿಲಿನಲ್ಲಿ ಪ್ಲಾಸ್ಟಿಕ್ ಹೊದಿಸಿ ಕಾಯಿಸಿಟ್ಟ ಮಣ್ಣು ಮಳೆಗಾಲದ ಕುಂಡಗಳಿಗೆ ಮೀಸಲು. ನೀರು ಹಾಕಿದೊಡನೆ ಪುಟಪುಟ ಜಿಗಿಯುವ ಬಿಳಿ ಪುಟಾಣಿಗಳೇ, ನಿಮ್ಮಿಂದ ಗಿಡಕ್ಕೆ ತೊಂದರೆಯಿಲ್ಲ. ಆದರೆ ನೀವು ಇದ್ದೀರೆಂದರೆ ಮಣ್ಣು ಇನ್ನೂ ಒದ್ದೆಯಿದೆಯೆಂದೇ ಅರ್ಥ, ಸಾಕ್ಷಿಗಳಾಗಿ ಇರಬಹುದು.

ಇಂತಿ ತಮ್ಮ ವಿಶ್ವಾಸಿ,
ಹೋಂಸ್ಟೇ ಮಾಲೀಕರು

ಪ್ರತಿಯನ್ನು ಮಾಹಿತಿಗಾಗಿ ಹಾಗೂ ಸೂಕ್ತ ಕ್ರಮಕ್ಕಾಗಿ ಸಲ್ಲಿಸಿದೆ:
1. ಲೋಟದಲ್ಲಿ ಉಳಿದ ಸಿಹಿ ಕಾಫಿಯನ್ನು ಕುಂಡಕ್ಕೆ ಸುರಿಯುವ ಅತಿಥಿಗಳಿಗೆ.
2. ‘ಪಾಪ, ಗಿಡ ಬಾಡಿದೆ’ ಎಂದು ಒದ್ದೆ ಮಣ್ಣಿಗೇ ಮತ್ತೆ ನೀರು ಹಾಕುವ ಸಮಸ್ತ ಬಂಧುಬಾಂಧವರಿಗೆ. ಮೇಲಿನ ಆದೇಶ ನುಸಿಗಳಿಗಿಂತ ಮೊದಲು ತಮಗೆ ಅನ್ವಯಿಸುತ್ತದೆ.