ಷೇರು ಗುರುಗಳ ಶಿಷ್ಯವೃಂದಕ್ಕೊಂದು ಬಹಿರಂಗ ಪತ್ರ

ಗುರುಭಕ್ತ ಹೂಡಿಕೆದಾರ ಮಹಾಶಯರಿಗೆ ಸಾಷ್ಟಾಂಗ ನಮಸ್ಕಾರಗಳು. ಇತ್ತ ಕ್ಷೇಮ, ಅತ್ತ ಎಫ್‌ಡಿ ಮುರಿಸಿದವರೆಲ್ಲ ಕ್ಷೇಮವೆಂದು ನಂಬಿದ್ದೇವೆ.

ಮೊನ್ನೆ ಗುರುಗಳ ಉಚಿತ ಶಿಬಿರದಲ್ಲಿ ಚೌಚೌ ಬಾತ್ ಜತೆ ಹಂಚಿದ ವಿಸಿಟಿಂಗ್ ಕಾರ್ಡು ಅಧ್ಯಯನಯೋಗ್ಯವಾಗಿದೆ. ಹೆಸರಿನ ಕೆಳಗೆ ‘ವೆಲ್ತ್ ಕೋಚ್’, ಅದರ ಕೆಳಗೆ ‘ಮನಿ ಮೆಂಟರ್’, ಹಿಂಬದಿಯಲ್ಲಿ ಟೆಲಿಗ್ರಾಂ ಚಾನೆಲ್ಲಿನ ಕ್ಯೂಆರ್ ಕೋಡ್. ಬಿರುದುಗಳ ನೂಕುನುಗ್ಗಲಿನಲ್ಲಿ ಜಾಗ ಸಿಗದೇ ಹೋದದ್ದು ಒಂದಕ್ಕೇ: ಷೇರುಪೇಟೆಯ ನಿಯಂತ್ರಕ ಸೆಬಿ ಕೊಡುವ, ‘ಐಎನ್‌ಎ’ ಎಂದು ಶುರುವಾಗುವ ನೋಂದಣಿ ಸಂಖ್ಯೆಗೆ.

ಫೀಸು ಪಡೆದು ಹೂಡಿಕೆ ಸಲಹೆ ಕೊಡುವವರಿಗೆ ಆ ನೋಂದಣಿ ಬೇಕೆಂದು 2013ರ ನಿಯಮಾವಳಿ ಹೇಳುತ್ತದೆ. ಅದೇನು ಐಎಎಸ್ ಅಲ್ಲ. ಹಿಂದೆ ಸ್ನಾತಕೋತ್ತರ ಪದವಿಯ ಜತೆ ಐದು ವರ್ಷದ ಅನುಭವ ಕೇಳುತ್ತಿದ್ದ ಸೆಬಿ, 2024ರ ಡಿಸೆಂಬರ್‌ನಲ್ಲಿ ಅನುಭವದ ಷರತ್ತನ್ನೇ ಕೈಬಿಟ್ಟಿತು. ಈಗ ಪದವಿ ಇದ್ದು, ಸೆಬಿಯದೇ ಶಿಕ್ಷಣ ಸಂಸ್ಥೆ ಎನ್‌ಐಎಸ್‌ಎಂ ನಡೆಸುವ ಪರೀಕ್ಷೆಗಳಲ್ಲಿ ಪಾಸಾಗಬೇಕು. ಪಾಸಿಗೆ ಶೇ 60 ಅಂಕ. ತಪ್ಪು ಉತ್ತರಕ್ಕೆ ಅಂಕ ಕಡಿತ. ಈ ಕೊನೆಯ ನಿಯಮವೇ ಗುರುಗಳಿಗೆ ಒಗ್ಗಿರಲಾರದು. ಅವರ ಪದ್ಧತಿಯಲ್ಲಿ ಉತ್ತರ ತಪ್ಪಿದರೆ ಕಡಿತವಾಗುವುದು ಶಿಷ್ಯರ ಖಾತೆಯಲ್ಲಿ.

ನೋಂದಣಿ ಕೇಳಿದರೆ ಇನ್ನು ಕೆಲವು ಗುರುಗಳು ಎಆರ್‌ಎನ್ ತೋರಿಸುತ್ತಾರೆ. ಅದು ಮ್ಯೂಚುವಲ್ ಫಂಡ್ ಮಾರುವ ವಿತರಕರಿಗೆ ಫಂಡ್ ಕಂಪನಿಗಳ ಸಂಘವಾದ ಆಂಫಿ ಕೊಡುವ ಸಂಖ್ಯೆ. ಅವರಿಗೆ ಕಮಿಷನ್ ಬರುವುದು ಫಂಡ್ ಕಂಪನಿಯಿಂದ. ಅಕ್ಕಿ ಅಂಗಡಿಯವರು ತಮ್ಮ ಅಕ್ಕಿಯೇ ಶ್ರೇಷ್ಠ ಅಂದರೆ ತಪ್ಪಿಲ್ಲ. ಅವರ ಹತ್ತಿರ ಪಥ್ಯ ಕೇಳಲು ಹೋದವರದ್ದೇ ತಪ್ಪು.

ಗುರುಗಳು ತಾವೇ ಎಷ್ಟು ಗಳಿಸಿದ್ದಾರೆಂದು ಕೇಳುವ ಉದ್ಧಟರೂ ಇದ್ದಾರೆ. ಅವರಿಗೊಂದು ಉದಾಹರಣೆ. ‘ಬಾಪ್ ಆಫ್ ಚಾರ್ಟ್’ ಹೆಸರಿನಲ್ಲಿ ಷೇರು ಪಾಠ ಹೇಳುತ್ತಿದ್ದವರ ವಿರುದ್ಧ ಸೆಬಿ 2023ರ ಅಕ್ಟೋಬರ್‌ನಲ್ಲಿ ಮಧ್ಯಂತರ ಆದೇಶ ಹೊರಡಿಸಿತು. ನೋಂದಣಿ ಇಲ್ಲದ ಸಲಹೆಯಿಂದ ಬಂದ ಹಣವೆಂದು ಸುಮಾರು 17.2 ಕೋಟಿ ರೂಪಾಯಿಯನ್ನು ಠೇವಣಿ ಇಡಲು ಹೇಳಿತು. ಅದೇ ಆದೇಶದ ಪ್ರಕಾರ, 2021ರ ಜನವರಿಯಿಂದ 2023ರ ಜುಲೈವರೆಗೆ ಅವರ ಸ್ವಂತ ಟ್ರೇಡಿಂಗಿನ ಫಲ 2.89 ಕೋಟಿ ನಷ್ಟ.

ನಷ್ಟದ ವಿದ್ಯೆಯನ್ನು ಲಾಭಕ್ಕೆ ಮಾರುವುದು ಸಾಮಾನ್ಯ ಪಾಂಡಿತ್ಯವೇ?

ಶಿಷ್ಯವೃಂದದಲ್ಲಿ ಒಂದೇ ಅರಿಕೆ. ಮುಂದಿನ ಶಿಬಿರಕ್ಕೂ ಧಾರಾಳವಾಗಿ ಹೋಗಿ, ಕೇಸರಿಬಾತ್ ಎರಡನೇ ಸಲ ಹಾಕಿಸಿಕೊಳ್ಳಿ. ಗುರುಗಳ ಹೆಸರನ್ನು ಸೆಬಿಯ ನೋಂದಾಯಿತ ಸಲಹೆಗಾರರ ಪಟ್ಟಿಯಲ್ಲಿ ಹುಡುಕಿ. ಸಿಗುವ ತನಕ ಚೆಕ್‌ಬುಕ್ ಬೀರುವಿನಲ್ಲೇ ಇರಲಿ.

ಇತಿ,
ಕಾರ್ಡಿನ ಎರಡೂ ಬದಿ ಓದಿದ ಒಬ್ಬ ಹೂಡಿಕೆದಾರ