ಡಲ್ಲಾಸ್‌ದಾಗ ಚಂದ್ರೋದಯ ಎಷ್ಟಕ್ಕ?

ಅಮೇರಿಕಾದಲ್ಲಿ ಮಗನೋ ಮಗಳೋ ಇರುವ ಹುಬ್ಬಳ್ಳಿ-ಧಾರವಾಡದ ಅಪ್ಪಂದಿರೇ, ಇದು ನಿಮಗಾಗಿ ಬರೆದದ್ದು. ಉಳಿದವರು ಧಾರಾಳವಾಗಿ ನಗಲಿ. ನೀವು ಮಾತ್ರ ನಗುವ ಮೊದಲು ಎದೆ ಮುಟ್ಟಿ ನೋಡಿಕೊಳ್ಳಿ. ನಿಮಗೂ ಇಂಥದ್ದು ಆಗಿದೆ, ಊರಿಗೆ ಬಂದ ಮೇಲೆ ಹೇಳಿಲ್ಲ, ಅಷ್ಟೆ.

ನನ್ನ ಕೇಸು ಸ್ವಲ್ಪ ಗಂಭೀರದ್ದು. ಯಾಕೆಂದರೆ ನಾನು ನಿವೃತ್ತ ಭೂಗೋಳ ಮಾಸ್ತರ. ಅಕ್ಷಾಂಶ, ರೇಖಾಂಶ ಕಲಿಸಿಯೇ ಕೂದಲು ಬೆಳ್ಳಗೆ ಮಾಡಿಕೊಂಡವ. ಭೂಮಿ 24 ತಾಸಿಗೆ 360 ಡಿಗ್ರಿ ತಿರುಗುತ್ತದೆ, ಒಂದು ಡಿಗ್ರಿಗೆ 4 ನಿಮಿಷ, ಭಾರತದ ಗಡಿಯಾರ ನಡೆಯುವುದು 82½ ಡಿಗ್ರಿ ಪೂರ್ವ ರೇಖಾಂಶದ ಲೆಕ್ಕದಲ್ಲಿ ಎಂಬುದನ್ನೆಲ್ಲ ನಡುರಾತ್ರಿ ಎಬ್ಬಿಸಿ ಕೇಳಿದರೂ ಒಪ್ಪಿಸುತ್ತೇನೆ. ಕೋಲು ಹಿಡಿದು ಗೋಡೆ ನಕಾಶೆಯ ಮೇಲೆ ಏಳೂ ಖಂಡ ಸುತ್ತಿದ್ದೆ. ಕಾಲಿನಿಂದ ಸುತ್ತಿದ್ದು ಹೆಚ್ಚೆಂದರೆ ಪಂಢರಪುರದ ತನಕ.

ಮಗ ಇರುವುದು ಡಲ್ಲಾಸಿನಲ್ಲಿ. ಹುಬ್ಬಳ್ಳಿಯಿಂದ ಬೆಂಗಳೂರಿಗೆ ರೈಲು, ಅಲ್ಲಿಂದ ದೋಹಾ, ದೋಹಾದಲ್ಲಿ ವಿಮಾನ ಬದಲಿಸಿ ಡಲ್ಲಾಸ್ ಅಂತ ಟಿಕೆಟ್ ಕಳಿಸಿದ. ಪಂಚಾಂಗ ನೋಡಿದರೆ ವಿಮಾನ ಏರುವ ದಿನವೇ ಸಂಕಷ್ಟಿ. ಮೊದಲ ಸಲ ಆಕಾಶಕ್ಕೆ ಏರುತ್ತಿದ್ದೇವೆ, ವಿಘ್ನ ಬರಬಾರದು, ಆದ್ದರಿಂದ ನಾನು ನಿರಾಹಾರ ಉಪವಾಸ, ಬರೀ ನೀರು ಎಂದು ಮನೆಯಲ್ಲಿ ಘೋಷಿಸಿದೆ.

"ಪ್ರಯಾಣದಾಗ ಉಪಾಸ ಯಾಕ್ರೀ? ಗಣಪ್ಪ ಏನು ಸಿಟ್ಟಾಗ್ತಾನ?" ಅಂದಳು ನಮ್ಮಾಕಿ.

"ಒಂದು ಹಗಲು ತಾನ?" ಅಂದೆ.

ಒಂದು ಹಗಲು ತಾನೇ ಎಂಬ ಈ ಮಾತನ್ನು ಆಡಿದವ ಭೂಗೋಳ ಮಾಸ್ತರ ಎಂಬುದನ್ನು ದಯವಿಟ್ಟು ನೆನಪಿಡಿ.

ಸುದ್ದಿ ವಿದ್ಯಾನಗರದ ನಮ್ಮ ಓಣಿ ದಾಟಿತು. "ಮಾಸ್ತರ್ರ, ನಮ್ಮ ಹುಡುಗನೂ ಅಲ್ಲೇ ಸಿಯಾಟಲ್‌ದಾಗ ಅದಾನ್ರಿ. ಇದಿಷ್ಟು ಶೇಂಗಾ ಹೋಳಿಗಿ..." ಕೇಳಿದವರದ್ದೇನೂ ತಪ್ಪಿಲ್ಲ. "ಅದಕ್ಕೇನ್ರಿ, ಬಾಜೂಕ ಅದ, ಕೊಡ್ರಿ" ಅಂದವ ನಾನು. ನನ್ನ ತರಗತಿಯ ನಕಾಶೆಯಲ್ಲಿ ಡಲ್ಲಾಸಿಗೂ ಸಿಯಾಟಲ್ಲಿಗೂ ನಡುವೆ ಒಂದು ಗೇಣಿನ ಅಂತರ. ಆ ಗೇಣು 2,700 ಕಿಲೋಮೀಟರ್ ಎಂದು ಮಗ ಫೋನಿನಲ್ಲಿ ತಿಳಿಸಿದ. ಹುಬ್ಬಳ್ಳಿಯಿಂದ ನೇರ ಶ್ರೀನಗರಕ್ಕೆ ಹಾರಿದರೂ ಅಷ್ಟಾಗುವುದಿಲ್ಲ. ಪ್ರಮಾಣ ಬರೆಯದ ನಕಾಶೆಗೆ ಅರ್ಧ ಅಂಕ ಕತ್ತರಿಸುತ್ತಿದ್ದವನೂ ನಾನೇ. ಅಷ್ಟರಲ್ಲಿ ಡಬ್ಬಿಗಳು ಬಂದು ಬಿದ್ದಿದ್ದವು, ತಿರುಗಿ ಕೊಡಲು ಮರ್ಯಾದೆ ಅಡ್ಡ ಬಂತು. ಒಬ್ಬರಿಗೆ 23 ಕಿಲೋದ ಎರಡು ಪೆಟ್ಟಿಗೆ ಎಂಬ ಲೆಕ್ಕ. ಊರಿನವರ ಹೋಳಿಗೆ, ಗುರೆಳ್ಳು ಚಟ್ನಿ ಒಳಗೆ ಹೋದ ಹಾಗೆಲ್ಲ ನನ್ನ ಪ್ಯಾಂಟುಗಳು ಒಂದೊಂದಾಗಿ ಹೊರಗೆ ಬಂದವು. ಕೊನೆಗೆ ಮೈಮೇಲಿದ್ದ ಒಂದೇ ಪ್ಯಾಂಟಿನಲ್ಲಿ ಅಮೇರಿಕಾಕ್ಕೆ ಹೊರಟೆ.

ಹುಬ್ಬಳ್ಳಿ ಸಿದ್ಧಾರೂಢ ಸ್ವಾಮೀಜಿ ನಿಲ್ದಾಣದ ಪ್ಲಾಟ್‌ಫಾರ್ಮು ಜಗತ್ತಿನಲ್ಲೇ ಉದ್ದದ್ದು, 1,507 ಮೀಟರ್. ಗೋರಖಪುರದ 1,366 ಮೀಟರಿನ ದಾಖಲೆ ಮುರಿದು 2023ರ ಮಾರ್ಚಿನಲ್ಲಿ ಉದ್ಘಾಟನೆಯಾದದ್ದು. ಬಂದ ಬೀಗರಿಗೆಲ್ಲ ಇದನ್ನು ನಾನೇ ಕಟ್ಟಿಸಿದವನಂತೆ ಹೇಳುತ್ತಿದ್ದೆ. ಆವತ್ತು ಬೀಳ್ಕೊಡಲು ಬಂದವರಿಗೂ ಹೇಳಿದೆ. ಹೇಳುತ್ತ ಹೇಳುತ್ತ ಅದರ ಒಂದು ತುದಿಗೆ ಬಂದು ನಿಂತಿದ್ದೆ, ನಮ್ಮ ಡಬ್ಬಿ ಇನ್ನೊಂದು ತುದಿಗೆ ಬಂದು ನಿಂತಿತು. ವಿಶ್ವದಾಖಲೆಯನ್ನು ಓಡಿ ಅಳೆದ ಮೊದಲ ಭೂಗೋಳ ಮಾಸ್ತರ ಬಹುಶಃ ನಾನೇ. ಗಾರ್ಡ್ ಸಾಹೇಬರು ಹಸಿರು ಬಾವುಟವನ್ನು ಎತ್ತಿಯೂ ಎತ್ತದಂತೆ ಹಿಡಿದು ಪುಣ್ಯ ಕಟ್ಟಿಕೊಂಡರು. ಬಲ ಮೊಣಕಾಲಿನಿಂದ ಏನೋ ಒಂದು ಸದ್ದು ಬಂತು. ಅದರ ಅರ್ಥ ಆಮೇಲೆ ದೋಹಾದಲ್ಲಿ ತಿಳಿಯಿತು.

ಬೆಂಗಳೂರು ವಿಮಾನ ನಿಲ್ದಾಣದಲ್ಲಿ ಮಗ ಮೊದಲೇ ಇಬ್ಬರಿಗೂ ಗಾಲಿಕುರ್ಚಿ ಹೇಳಿಟ್ಟಿದ್ದ. "ದಿನಾ ನೃಪತುಂಗ ಬೆಟ್ಟ ಹತ್ತಿ ಇಳಿಯಾವ ನಾನು. ನನಗ್ಯಾಕ ಕುರ್ಚಿ?" ಎಂದು ಎರಡನ್ನೂ ವಾಪಸು ಕಳಿಸಿದೆ. ಈ ಮಾತನ್ನೂ ನೆನಪಿಡಿ.

ಪೆಟ್ಟಿಗೆ ಯಂತ್ರದೊಳಗೆ ಹೋದ ಮೇಲೆ ನನಗೆ ಕರೆ ಬಂತು. ಹೊರಡುವಾಗ ನಮ್ಮಾಕಿಯ ಅಕ್ಕ-ತಂಗಿಯರು ಉಡಿ ತುಂಬಿದ್ದರು. ಆ ಒಣ ಕೊಬ್ಬರಿ ಬಟ್ಟಲುಗಳನ್ನು ಆಕೆ ಬೇಡವೆಂದರೂ ಪೆಟ್ಟಿಗೆಯ ಮೂಲೆಗಳಲ್ಲಿ ಅಡಕಿದವ ನಾನು. ಅಲ್ಲಿದ್ದ ಹುಡುಗಿ ಬಹಳ ವಿನಯದಿಂದ ಹೇಳಿದಳು: ಒಣ ಕೊಬ್ಬರಿಯಲ್ಲಿ ಎಣ್ಣೆ ಹೆಚ್ಚು, ಅದು ತಾನಾಗಿಯೇ ಬಿಸಿಯಾಗಿ ಹೊತ್ತಿಕೊಳ್ಳಬಹುದು, ಹಾಗಾಗಿ ವಿಮಾನದ ನಿಯಮದಲ್ಲಿ ಅದು ಅಪಾಯಕಾರಿ ವಸ್ತು. ಅದಕ್ಕೆ ವಿಶ್ವಸಂಸ್ಥೆಯ ನಂಬರು ಕೂಡ ಇದೆಯಂತೆ, 1363. ನಾನು ಸುಮ್ಮನಿರಬೇಕಿತ್ತು. ತಿಪಟೂರಿನ ಕೊಬ್ಬರಿ ಮಾರುಕಟ್ಟೆ, ತೆಂಗಿಗೆ ಬೇಕಾದ ಮಣ್ಣು, ಮಳೆಯ ಪ್ರಮಾಣ ಎಲ್ಲ ಸೇರಿಸಿ ಒಂದು ಪೀರಿಯಡ್ ಪಾಠ ಮಾಡಿದೆ. ಆಕೆ ಪೂರ್ತಿ ಕೇಳಿಸಿಕೊಂಡು ಕಸದ ಬುಟ್ಟಿ ತೋರಿಸಿದಳು.

ಉಡಿ ತುಂಬಿದ್ದನ್ನು ಬುಟ್ಟಿಗೆ ಹಾಕುವುದುಂಟೆ? ಒಡೆದು ಸಾಲಿನಲ್ಲಿದ್ದವರಿಗೆ ಹಂಚಲು ಹೊರಟೆ. ನಡುರಾತ್ರಿ ವಿಮಾನ ನಿಲ್ದಾಣದಲ್ಲಿ, ಈಗಷ್ಟೇ ಭದ್ರತೆಯವರು ಕರೆದು ವಿಚಾರಿಸಿದ ಮನುಷ್ಯ, "ತಗೋರಿ, ಪ್ರಸಾದ" ಎಂದು ಬಿಳಿ ಚೂರು ಚಾಚಿದರೆ ನೀವಾದರೂ ತೆಗೆದುಕೊಳ್ಳುತ್ತಿದ್ದಿರಾ? ಉಳಿದದ್ದನ್ನೆಲ್ಲ ಬೆಂಚಿನ ಮೇಲೆ ಕೂತು ನಾನೇ ಅಗಿದೆ. ಕಟ್ಟಿಸಿದ ಹಲ್ಲೊಂದು ಅಲುಗಾಡತೊಡಗಿತು.

ಇರಲಿ, ಸೂರ್ಯೋದಯಕ್ಕೆ ಮೊದಲು ವಿಮಾನದಲ್ಲಿ ಊಟ ಕೊಡುತ್ತಾರೆ, ಅದನ್ನು ಗಡದ್ದಾಗಿ ಉಂಡು ವ್ರತ ಹಿಡಿದರಾಯಿತು ಎಂಬ ಲೆಕ್ಕ ನನ್ನದು. ಮಗ ಇಬ್ಬರಿಗೂ ಊಟದ ಕಾಲಮ್ಮಿನಲ್ಲಿ 'ಎವಿಎಂಎಲ್', ಅಂದರೆ ಏಷ್ಯಾದ ಸಸ್ಯಾಹಾರ ಎಂದು ಹಾಕಿದ್ದ. ಏಷ್ಯಾ ಎಂದರೆ ನನಗೆ ಗೊತ್ತಿಲ್ಲವೇ? ಜಪಾನಿನಿಂದ ಟರ್ಕಿಯ ತನಕ ಹಬ್ಬಿದೆ, ಯಾವ ಮೂಲೆಯ ಸೊಪ್ಪು ತಂದಿಡುತ್ತಾರೋ! ಪಟ್ಟಿಯಲ್ಲಿ ಕೆಳಗೆ 'ಹಿಂದೂ ಮೀಲ್' ಎಂದು ಕಾಣಿಸಿತು. ಮಗನಿಗೆ ತಿಳಿಸದೆ ನನ್ನದೊಂದನ್ನು ಅದಕ್ಕೆ ಬದಲಿಸಿಕೊಂಡು ಬೀಗಿದ್ದೆ. ತಾಟಿನ ಮೇಲಿನ ಹಾಳೆ ಬಿಚ್ಚಿದರೆ ಒಳಗೆ ಕೋಳಿ! ವಿಮಾನದವರ ಭಾಷೆಯಲ್ಲಿ ಹಿಂದೂ ಮೀಲ್ ಎಂದರೆ ದನದ, ಹಂದಿಯ ಮಾಂಸವಿಲ್ಲದ ಊಟ. ಕೋಳಿ, ಕುರಿ, ಮೀನಿಗೆ ಅಲ್ಲಿ ಅಡ್ಡಿಯಿಲ್ಲ. ಬಾಜೂಕೆ ನಮ್ಮಾಕಿ ಏಷ್ಯಾ ಖಂಡದ ಪನ್ನೀರು, ಅನ್ನ, ದಾಲ್ ಉಣ್ಣುತ್ತಿದ್ದಳು. "ಒಂದು ತುತ್ತು ಹಾಕಲೇನ್ರಿ?" ಎಂದು ಕೇಳಿದಳು. ಅಭಿಮಾನ ನೋಡಿ ನಮ್ಮದು, "ನನಗ ಹಸಿವಿಲ್ಲ" ಅಂದೆ. ಅಷ್ಟು ಹೊತ್ತಿಗೆ ಕಿಟಕಿಯಲ್ಲಿ ಬೆಳಕು ಹರಿಯಿತು. ವ್ರತ ಶುರು.

ದೋಹಾದಲ್ಲಿ ಇಳಿಯುವಾಗ ಎಚ್ಚರವಾಗಿ ಕೈಗಡಿಯಾರ ನೋಡಿಕೊಂಡೆ. ನಿವೃತ್ತಿಗೆ ಹುಡುಗರು ಕೊಟ್ಟ ಎಚ್‌ಎಂಟಿ. 8 ಗಂಟೆ 20 ನಿಮಿಷ! ಡಲ್ಲಾಸಿನ ವಿಮಾನ ಇದ್ದದ್ದು 8ಕ್ಕೆ!

"ಹೋತು! ವಿಮಾನ ಹೋತು!" ಎಂದು ನಾನು ಕೂಗಿದ ಧ್ವನಿಗೆ ಮುಂದಿನ ಸಾಲಿನ ಕೂಸು ಅಳತೊಡಗಿತು.

ಹಮದ್ ವಿಮಾನ ನಿಲ್ದಾಣದ ನಡುಮಧ್ಯೆ 23 ಅಡಿ ಎತ್ತರದ ಹಳದಿ ಕರಡಿಯೊಂದು ತಲೆಗೆ ದೀಪ ಸಿಕ್ಕಿಸಿಕೊಂಡು ಕೂತಿದೆ. ಉರ್ಸ್ ಫಿಶರ್ ಎಂಬ ಸ್ವಿಸ್ ಕಲಾವಿದನ ಕೆಲಸ. "ನಾ ಇಲ್ಲೇ ಕರಡಿ ಹತ್ರ ಕುಂದರ್ತೀನಿ. ನೀವು ಓಡಾಡಿ ಬರ್ರಿ" ಎಂದು ನಮ್ಮಾಕಿ ಕೂತೇಬಿಟ್ಟಳು. ನಾನು ಓಡಿದೆ. ಕಟ್ಟಡದ ಒಳಗೇ ತಲೆಯ ಮೇಲೆ ಒಂದು ರೈಲು ಓಡುತ್ತದೆ, ಬೇಗ ಮುಟ್ಟಿಸುತ್ತದೆಂದು ಅದನ್ನು ಹತ್ತಿದೆ. ಅದು ನನ್ನನ್ನು ಗೇಟಿನ ವಿರುದ್ಧ ದಿಕ್ಕಿಗೆ ಒಯ್ದಿತು. ತಿರುಗಿ ಹತ್ತಿದೆ, ಇಳಿಯಬೇಕಾದಲ್ಲಿ ಇಳಿಯಲಿಲ್ಲ. ಮೇಲಿಂದ ನೋಡಿದಾಗಲೆಲ್ಲ ಕೆಳಗೆ ಅದೇ ಕರಡಿ, ಅದರ ಬುಡದಲ್ಲಿ ಅದೇ ಹೆಂಡತಿ. ಹಾಯುವಾಗಲೊಮ್ಮೆ ಆಕೆ ಕೈ ಬೀಸಿದಳು ಕೂಡ. ಅಂತೂ ಗೇಟು ಮುಟ್ಟಿ, ಏದುಸಿರು ಬಿಡುತ್ತ, "ಡಲ್ಲಾಸ್... ಗಾನ್?" ಎಂದು ಕೇಳಿದೆ. ಅಲ್ಲಿದ್ದಾತ ಗೋಡೆಯ ಗಡಿಯಾರ ತೋರಿಸಿದ. ಆರೂವರೆ.

82½ರಲ್ಲಿ ದೋಹಾ ಗಡಿಯಾರದ 45 ಡಿಗ್ರಿ ಕಳೆದರೆ 37½. ನಾಲ್ಕರಿಂದ ಗುಣಿಸಿದರೆ 150 ನಿಮಿಷ. ಪಶ್ಚಿಮಕ್ಕೆ ಹೋದರೆ ಕಾಲ ಹಿಂದೆ. ಇದೇ ಲೆಕ್ಕ ತಪ್ಪಿದ ಹುಡುಗರನ್ನು ನಾನು ಬೆಂಚಿನ ಮೇಲೆ ನಿಲ್ಲಿಸಿದ್ದೇನೆ. ಅವರಲ್ಲಿ ಯಾರಾದರೂ ಇದನ್ನು ಓದುತ್ತಿದ್ದರೆ, ತಮ್ಮಾ, ಇಳಿ, ಕುಂದರು.

ಉಸಿರು ಬಿಟ್ಟು ತಿರುಗಬೇಕು ಅನ್ನುವಷ್ಟರಲ್ಲಿ ಹುಬ್ಬಳ್ಳಿಯಲ್ಲಿ ಸದ್ದು ಮಾಡಿದ್ದ ಮೊಣಕಾಲು ಅಲ್ಲೇ ಬಿಗಿದುಕೊಂಡಿತು. ಗೇಟಿನಾತ ಕರುಣೆಯಿಂದ ಫೋನು ಮಾಡಿದ. ಗಾಲಿಕುರ್ಚಿ ಬಂತು. ಬೆಟ್ಟ ಹತ್ತುವ ಮನುಷ್ಯ ಅದರಲ್ಲಿ ಕೂತು ಕರಡಿಯ ಹತ್ತಿರ ಮೆರವಣಿಗೆ ಹೋಗಿ ಹೆಂಡತಿಯನ್ನು ಕರೆತಂದ. ಆಕೆ ಲೈನ್ ಬಜಾರಿನ ಪೇಢಾದ ಡಬ್ಬಿ ತೆಗೆದು ಕುರ್ಚಿ ತಳ್ಳುವ ಹುಡುಗನಿಗೆ ಕೊಟ್ಟಳು, ಗೇಟಿನಾತನಿಗೆ ಕೊಟ್ಟಳು, ತಾನೂ ಒಂದು ಬಾಯಿಗೆ ಹಾಕಿಕೊಂಡಳು. ಇವರೆಲ್ಲ ಒಂದು ತಾಸಿನಲ್ಲಿ ಆಕೆಯ ಬಳಗವಾಗಿದ್ದರು. ನನಗೆ ವಾಸನೆ ಬಂತು, ಅಷ್ಟೆ.

ಇನ್ನು ಆ ಹಗಲು. ಬೆಳಿಗ್ಗೆ 8ಕ್ಕೆ ದೋಹಾ ಬಿಟ್ಟೆವು. ಸೂರ್ಯನೂ ಪಶ್ಚಿಮಕ್ಕೆ, ನಾವೂ ಪಶ್ಚಿಮಕ್ಕೆ. ಹಿಂದೆ ಬಿಡೋಣವೆಂದರೆ ಆತ ಬಿಡಲೊಲ್ಲ. ಒಂದು ಊಟ ಬಂತು, ತಿಂಡಿ ಬಂತು, ಇನ್ನೊಂದು ಊಟ ಬಂತು, ಹೊರಗೆ ಮಾತ್ರ ಮಟಮಟ ಮಧ್ಯಾಹ್ನ. ಹದಿನಾರು ತಾಸು ಹಾರಿ ಇಳಿದರೆ ಡಲ್ಲಾಸಿನಲ್ಲಿ ಅದೇ ದಿನದ ಸಂಜೆ ನಾಲ್ಕು! ಪಂಚಾಂಗ ಬರೆದವರು ಸಂಕಷ್ಟಿಗೆ ಕೊಟ್ಟಿದ್ದ ಹಗಲಿಗೆ ನಾನು ಸ್ವಂತ ಖರ್ಚಿನಲ್ಲಿ ತಾಸುಗಟ್ಟಲೆ ಜೋಡಿಸಿಕೊಂಡಿದ್ದೆ. ಆರ್ಕ್ಟಿಕ್ ವೃತ್ತದಲ್ಲಿ ಬೇಸಿಗೆಗೆ ಸೂರ್ಯ ಮುಳುಗುವುದಿಲ್ಲ ಎಂದು ಹುಡುಗರಿಗೆ ಹೇಳುವಾಗ, ಅಲ್ಲಿ ಸಂಕಷ್ಟಿ ಮಾಡುವವರ ಗತಿ ಏನೆಂದು ಒಮ್ಮೆಯೂ ಯೋಚಿಸಿರಲಿಲ್ಲ.

"ಮಾಸ್ತರ್ರ," ಎಂದಳು ನಮ್ಮಾಕಿ. ಮನೆಯಲ್ಲಿ ಆಕೆ ನನ್ನನ್ನು ಹಾಗೆ ಕರೆಯುವುದು ಅಪರೂಪ. "ಡಲ್ಲಾಸ್‌ದಾಗ ಚಂದ್ರೋದಯ ಎಷ್ಟಕ್ಕ?"

ಉತ್ತರ ಗೊತ್ತಿರಲಿಲ್ಲ. ಆದರೆ ಒಂದು ಧೈರ್ಯವಿತ್ತು. ಕೈಚೀಲದಲ್ಲಿ ಟಾವೆಲ್ಲಿನಲ್ಲಿ ಸುತ್ತಿ ಒಂದು ಆಪೂಸ್ ಇಟ್ಟುಕೊಂಡಿದ್ದೆ. ಮೇ ತಿಂಗಳ ಧಾರವಾಡದ ಆಪೂಸ್. ಚಂದ್ರದರ್ಶನವಾದ ಕೂಡಲೇ ಅದರಿಂದಲೇ ಪಾರಣೆ ಎಂದು ನಿಶ್ಚಯಿಸಿದ್ದೆ.

ಡಲ್ಲಾಸಿನಲ್ಲಿ ಪೆಟ್ಟಿಗೆಗೆ ಕಾಯುತ್ತ ಗಾಲಿಕುರ್ಚಿಯಲ್ಲಿ ಕೂತಿದ್ದಾಗ ಜೋಲುಕಿವಿಯ ಮುದ್ದಾದ ನಾಯಿಯೊಂದು ಬಂದು ನನ್ನ ಕಾಲ ಬಳಿ ಗಂಭೀರವಾಗಿ ಕೂತಿತು. ಪರದೇಶದಲ್ಲಿ ಮೊದಲು ಪ್ರೀತಿ ತೋರಿಸಿದ ಜೀವ! "ಬಾರಪ್ಪ ರಾಜಾ" ಎಂದು ತಲೆ ಸವರಿದೆ, ಗಲ್ಲ ಹಿಂಡಿದೆ, ಕೊರಳಿನ ಕೆಳಗೆ ತುರಿಸಿದೆ. ಅದು ಕರ್ತವ್ಯದ ಮೇಲಿದ್ದ ಬೀಗಲ್. ಹಣ್ಣು, ಮಾಂಸದ ವಾಸನೆ ಹಿಡಿಯಲು 1984ರಿಂದ ಆ ದೇಶದವರು ಈ ಜಾತಿಯ ನಾಯಿಗಳನ್ನು ನೇಮಿಸಿದ್ದಾರೆ. ವಾಸನೆ ಸಿಕ್ಕರೆ ಬೊಗಳಬಾರದು, ಸುಮ್ಮನೆ ಬಾಜು ಕೂಡಬೇಕು ಎಂಬುದು ಅವುಗಳ ತರಬೇತಿ. ಹಗ್ಗ ಹಿಡಿದ ಅಧಿಕಾರಿಣಿ ಚೀಲ ತೆಗೆಯಲು ಹೇಳಿದರು. ಆಹಾರ ಇದೆಯೇ ಎಂದು ಮೊದಲೇ ಕೇಳಿದ್ದಾಗ ನಾನು ಹೌದೆಂದು ಹೋಳಿಗೆ, ಚಟ್ನಿಪುಡಿಗಳ ದೊಡ್ಡ ಪಟ್ಟಿಯನ್ನೇ ಓದಿದ್ದೆ. ಮಾವು ಮಾತ್ರ ಆ ಪಟ್ಟಿಯಲ್ಲಿ ಬಿಟ್ಟುಹೋಗಿತ್ತು. ಪುಣ್ಯಕ್ಕೆ ದಂಡ ಹಾಕಲಿಲ್ಲ. ವಿಕಿರಣದಲ್ಲಿ ಹಾಯಿಸಿದ ಭಾರತದ ಮಾವಿಗೆ ಮಾತ್ರ 2007ರಿಂದ ಅಲ್ಲಿ ಪ್ರವೇಶ. ನನ್ನದು ಹಾಯ್ದದ್ದು ಟಾವೆಲ್ಲಿನಲ್ಲಿ. ಬುಟ್ಟಿಗೆ ಬಿತ್ತು. ನಾಯಿಗೆ ಬಹುಮಾನವಾಗಿ ತಿಂಡಿ ಸಿಕ್ಕಿತು. ಆ ಆವರಣದಲ್ಲಿ ಉಪವಾಸವಿದ್ದವನು ನಾನೊಬ್ಬನೇ.

ಹೊರಗೆ ಮಗ, ಸೊಸೆ, ಮೊಮ್ಮಗಳು ಹೂವು ಹಿಡಿದು ನಿಂತಿದ್ದರು. ಅಮ್ಮ ನಗುತ್ತ ನಡೆದು ಬಂದಳು, ಹಿಂದೆ ಅಪ್ಪ ಕಣ್ಣು ಗುಳಿಬಿದ್ದು ಕುರ್ಚಿಯಲ್ಲಿ. "ಅಪ್ಪಾ! ಏನಾತು?" ಎಂದು ಮಗ ಓಡಿ ಬಂದ. ಏನಿಲ್ಲವೆಂದು ತೋರಿಸಲು ಠಣ್ಣನೆ ಎದ್ದೆ, ಅಷ್ಟೇ ವೇಗದಲ್ಲಿ ಸೊಸೆಯ ಹೂಗುಚ್ಛದ ಮೇಲೆ ಬಿದ್ದೆ. "ಎದಿ ನೋವದ ಏನು? ಆಂಬ್ಯುಲೆನ್ಸ್ ಕರೀಲೇನು?" ಎಂದು ಮಗ ಫೋನು ತೆಗೆದಿದ್ದ. "ಏನೂ ಬ್ಯಾಡೋ, ಸಂಕಷ್ಟಿ" ಎಂದಳು ನಮ್ಮಾಕಿ.

ಚಂದ್ರ ಹುಟ್ಟಿದಾಗ ರಾತ್ರಿ ಹನ್ನೊಂದು ದಾಟಿತ್ತು. ಆಗ ಧಾರವಾಡದಲ್ಲಿ ಮರುದಿನ ಮುಂಜಾನೆ ಒಂಬತ್ತೂವರೆ. ತಮ್ಮನಿಗೆ ಫೋನು ಹಚ್ಚಿದೆ. ಅವನೂ ಸಂಕಷ್ಟಿ ಹಿಡಿದಿದ್ದ. ಚಂದ್ರನನ್ನು ನೋಡಿ, ಉಂಡು, ಮಲಗಿ, ಎದ್ದು, ಸ್ನಾನ ಮಾಡಿ, ಈಗ ಒಗ್ಗರಣೆ ಅವಲಕ್ಕಿಗೆ ಕೂತಿದ್ದೇನೆ ಎಂದ.

ವಾಪಸಿನ ಟಿಕೆಟು ನವೆಂಬರಿಗಿದೆ. ಪೂರ್ವಕ್ಕೆ ಹಾರುವಾಗ ಹಗಲು ಗಿಡ್ಡವಾಗುತ್ತದೆ. ಉಪವಾಸದ ಹರಕೆ ಏನಾದರೂ ಇದ್ದರೆ ಅಪ್ಪಂದಿರೇ, ಬರುವಾಗ ಮುಗಿಸಿಕೊಳ್ಳಿ, ಹೋಗುವಾಗ ಹೊಟ್ಟೆತುಂಬ ಉಂಡು ಹೋಗಿ. ಊಟದ ಕಾಲಮ್ಮಿನಲ್ಲಿ ಮಕ್ಕಳು ಏನು ಬರೆದಿದ್ದಾರೋ ಅದನ್ನು ಮುಟ್ಟಲು ಹೋಗಬೇಡಿ.