ಗಸಿಯು ಮೀನಲ್ಲ: ಯೂರಿಕ್ ಆಸಿಡ್ ಮೀಮಾಂಸೆಗೊಂದು ಕಿರುಭಾಷ್ಯ

ಮಂಗಳೂರಿನಿಂದ ಕಾರವಾರದವರೆಗಿನ ಕರಾವಳಿಯಲ್ಲಿ, ಕಾಲಿನ ಹೆಬ್ಬೆರಳು ಬಾತು ಕೆಂಪಾದವರ ನಡುವೆ ಒಂದು ದರ್ಶನ ಪ್ರಚಲಿತವಾಗಿದೆ. ಷಡ್ದರ್ಶನಗಳ ಪಟ್ಟಿಯಲ್ಲಿ ಅದಕ್ಕಿನ್ನೂ ಜಾಗ ಸಿಕ್ಕಿಲ್ಲ. ಅನುಯಾಯಿಗಳ ನಿಷ್ಠೆಯಲ್ಲಿ ಮಾತ್ರ ಅದು ಯಾವುದಕ್ಕೂ ಕಡಿಮೆಯಲ್ಲ. ಅದರ ಮೂಲಸೂತ್ರ ಇಷ್ಟೆ: ಮೀನಿನ ತುಂಡು ನಿಷಿದ್ಧ, ಗಸಿ ನಿಷಿದ್ಧವಲ್ಲ. ‘ಡಾಕ್ಟ್ರು ಮೀನು ಬಿಡಲಿಕ್ಕೆ ಹೇಳಿದ್ದಾರೆ, ನನಗೆ ಬರೀ ಗಸಿ ಸಾಕು’ ಎಂದು ಬಟ್ಟಲು ಮುಂದೊಡ್ಡುವವರೆಲ್ಲ ಈ ಪಂಥದವರೇ. ಈ ಸೂತ್ರವನ್ನು ಪ್ರಮಾಣಬದ್ಧವಾಗಿ ಸ್ಥಾಪಿಸುವುದು ಪ್ರಸ್ತುತ ಭಾಷ್ಯದ ಉದ್ದೇಶ. ಸ್ಥಾಪನೆಯಾಗದಿದ್ದಲ್ಲಿ ಪ್ರಮಾಣಗಳನ್ನೇ ಶಂಕಿಸಲಾಗುವುದು.

ಪೂರ್ವಪಕ್ಷದವರು ಮೊದಲು ಚರಕಸಂಹಿತೆಯನ್ನು ಎತ್ತಿಕೊಳ್ಳುತ್ತಾರೆ. ಚಿಕಿತ್ಸಾಸ್ಥಾನದ 29ನೇ ಅಧ್ಯಾಯದಲ್ಲಿ ವಾತರಕ್ತದ, ಅಂದರೆ ಗೌಟ್‌ನ, ಕಾರಣಗಳನ್ನು ಹೇಳುವಾಗ ಜಲಚರಗಳ ಮಾಂಸದ ಉಲ್ಲೇಖ ಇರುವುದು ನಿಜ. ಆದರೆ ಅದೇ ಪಟ್ಟಿಯಲ್ಲಿ ಹುರುಳಿ, ಉದ್ದು, ಮೂಲಂಗಿ, ಕಬ್ಬು, ಮೊಸರು, ಮಜ್ಜಿಗೆಗಳೂ ಇವೆ. ಪಟ್ಟಿಯನ್ನು ಪೂರ್ತಿ ಮಾನ್ಯ ಮಾಡಿದರೆ ಉದ್ದಿನ ದೋಸೆ ತಿಂದು, ಮಜ್ಜಿಗೆ ಕುಡಿದು, ನಿರಾತಂಕವಾಗಿ ಓಡಾಡುವ ಶುದ್ಧ ಸಸ್ಯಾಹಾರಿಗಳನ್ನೂ ಕಟಕಟೆಗೆ ಕರೆಯಬೇಕಾಗುತ್ತದೆ. ಇಷ್ಟು ಆರೋಪಿಗಳ ನಡುವೆ ಬಂಗುಡೆಯೊಂದಕ್ಕೇ ಜಾಮೀನು ಸಿಗದಿರುವುದು ನ್ಯಾಯಶಾಸ್ತ್ರಕ್ಕೆ ಒಪ್ಪುವ ಮಾತಲ್ಲ.

ಎರಡನೆಯ ಆಕ್ಷೇಪ ಅಮೆರಿಕದಿಂದ ಬರುತ್ತದೆ. 47,150 ಗಂಡಸರನ್ನು 12 ವರ್ಷ ಗಮನಿಸಿ 2004ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಮಾಂಸ ಮತ್ತು ಮೀನು ಹೆಚ್ಚು ತಿಂದವರಿಗೆ ಗೌಟ್ ಹೆಚ್ಚು; ದೇಹದಲ್ಲಿ ಯೂರಿಕ್ ಆಸಿಡ್ ಆಗಿ ಬದಲಾಗುವ ಪ್ಯೂರಿನ್ ಇರುವ ತರಕಾರಿಗಳಿಂದ ಅಂಥ ಅಪಾಯ ಕಾಣಲಿಲ್ಲ. ಇದಕ್ಕೆ ನಮ್ಮ ಉತ್ತರ: ಆ ಗಂಡಸರು ದಂತವೈದ್ಯರು, ಪಶುವೈದ್ಯರು, ಔಷಧ ತಜ್ಞರು ಮೊದಲಾದವರು. ಅವರಲ್ಲಿ ಯಾರಾದರೂ ಬೂತಾಯಿ ಪುಳಿಮುಂಚಿ ಉಂಡರೆಂದು ಎಲ್ಲಿಯೂ ನಮೂದಾಗಿಲ್ಲ. ಮೇಲಾಗಿ ದೇಹದ ಯೂರಿಕ್ ಆಸಿಡ್‌ನಲ್ಲಿ ಸುಮಾರು ಮೂರನೇ ಎರಡು ಪಾಲನ್ನು ದೇಹ ತಾನೇ ತಯಾರಿಸುತ್ತದೆ. ಮನೆಯೊಳಗಿನ ಕಳ್ಳನನ್ನು ಬಿಟ್ಟು ದಾರಿಹೋಕನನ್ನು ಹಿಡಿದಂತಾಯಿತಲ್ಲವೆ ಇದು? (ರಕ್ತದಲ್ಲಿ ಯೂರಿಕ್ ಆಸಿಡ್ ಡೆಸಿಲೀಟರಿಗೆ 6.8 ಮಿಲಿಗ್ರಾಂ ಮೀರಿದರೆ ಹರಳುಗಟ್ಟಬಹುದು, ಆ ಗೆರೆ ದಾಟಿಸಲು ದಾರಿಹೋಕನ ಒಂದು ಪಾಲೇ ಸಾಕು ಎಂಬ ಪ್ರತಿವಾದವನ್ನು ಸ್ಥಳಾಭಾವದಿಂದ ಕೈಬಿಡಲಾಗಿದೆ.) ತ್ಯಾಗದ ವಿಷಯದಲ್ಲಂತೂ ಪಂಥದವರನ್ನು ಯಾರೂ ಅನುಮಾನಿಸುವಂತಿಲ್ಲ. ಬಸಳೆ-ಸಿಗಡಿ ಪದಾರ್ಥ ಬಡಿಸಿದಾಗ, ಸೊಪ್ಪಿನಲ್ಲಿ ಯೂರಿಕ್ ಆಸಿಡ್ ಇದೆಯೆಂದು ಬಸಳೆಯ ದಂಟುಗಳನ್ನು ಒಂದೊಂದಾಗಿ ತಟ್ಟೆಯ ಅಂಚಿಗೆ ಸರಿಸಿ, ಸಿಗಡಿಯಿಂದಷ್ಟೇ ತೃಪ್ತಿಪಡುವ ಸಂಯಮ ಸಾಮಾನ್ಯರಿಗೆ ಸಾಧ್ಯವಿಲ್ಲ.

ಇನ್ನು ಪ್ರಯೋಗದ ಸಾಕ್ಷ್ಯ. ಜೂನ್ 1ರಿಂದ ಜುಲೈ 31ರವರೆಗೆ, ಅಂದರೆ 61 ದಿನ, ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿದೆ. ಮೀನಿನ ಸಂತತಿ ಉಳಿಯಲೆಂದು ಸರ್ಕಾರ ಹೇಳುತ್ತದಾದರೂ, ಇದೊಂದು ಸಾಮೂಹಿಕ ಪಥ್ಯವೆಂದು ಪರಿಗಣಿಸಲು ಅಡ್ಡಿಯಿಲ್ಲ. ಮೀನೇ ಕಾರಣವಾಗಿದ್ದರೆ ಆ ಎರಡು ತಿಂಗಳು ಹೆಬ್ಬೆರಳುಗಳಿಗೆ ಬಿಡುವು ಸಿಗಬೇಕಿತ್ತು. ಆದರೆ ಸುರಿಯುವ ಮಳೆಯ ನಡುರಾತ್ರಿಯಲ್ಲೂ ಹೊದಿಕೆಯ ಅಂಚು ತಾಗಿದ್ದಕ್ಕೆ ಜನ ಚೀರುವುದುಂಟು. ಆ ತಿಂಗಳುಗಳಲ್ಲಿ ಅಟ್ಟದ ಡಬ್ಬದಿಂದ ಒಣಮೀನು ಇಳಿಯುತ್ತದೆ, ನೀರಿನಂಶ ಹೋದ ಮೀನಿನಲ್ಲಿ ತೂಕಕ್ಕೆ ತಕ್ಕಂತೆ ಪ್ಯೂರಿನ್ ಇನ್ನೂ ಸಾಂದ್ರವಾಗಿರುತ್ತದೆ ಎಂದು ವಿರೋಧಿಗಳು ಹೇಳುತ್ತಾರೆ. ಒಣ ಸಿಗಡಿ ಚಟ್ನಿಯನ್ನು ಮೀನೂಟವೆಂದು ಎಣಿಸುವ ಪದ್ಧತಿ ಯಾವ ಮನೆಯಲ್ಲೂ ಇಲ್ಲದ ಕಾರಣ ಆ ವಾದ ಬಿದ್ದುಹೋಗುತ್ತದೆ.

ಗಂಭೀರವಾದ ಆಕ್ಷೇಪ ಒಂದೇ, ಅದೂ ಅಡುಗೆಮನೆಯ ಕಡೆಯಿಂದ. ಪ್ಯೂರಿನ್‌ಗಳು ನೀರಿಗೆ ಬಿಟ್ಟುಕೊಳ್ಳುತ್ತವೆ. ಮೀನು ಬೇಯುವಾಗ ತುಂಡಿನಲ್ಲಿದ್ದುದರ ಒಂದು ಭಾಗ ಗಸಿಗೆ ಇಳಿಯುತ್ತದೆ. ಮರುದಿನ ಬೆಳಿಗ್ಗೆ ಮಣ್ಣಿನ ಪಾತ್ರೆಯಲ್ಲಿ ಅದನ್ನೇ ಮತ್ತೆ ಕುದಿಸಿ, ಬತ್ತಿಸಿ, ಅಂಚಿಗೆ ಅಂಟಿದ ಕೆಂಪು ಮಸಾಲೆಯನ್ನು ನೀರುದೋಸೆಯಲ್ಲಿ ಒರೆಸಿ ತಿನ್ನುವವರು ತುಂಡು ಬಿಟ್ಟರೂ ಅದರ ಪ್ಯೂರಿನ್ ಬಿಟ್ಟಿಲ್ಲ. ಈ ವಾದಕ್ಕೆ ಖಂಡನೆಯಿಲ್ಲ. ಸೂತ್ರವನ್ನು ಉಳಿಸಿಕೊಳ್ಳಬೇಕಾದರೆ ತಿರುವುಮುರುವು ಮಾಡಬೇಕು: ತುಂಡು ಗ್ರಾಹ್ಯ, ಗಸಿ ತ್ಯಾಜ್ಯ. ಆಗ ಕುಚ್ಚಲಕ್ಕಿ ಅನ್ನವನ್ನು ಯಾವುದರಲ್ಲಿ ಕಲಸಬೇಕು ಎಂಬ ಪ್ರಶ್ನೆಗೆ ಯಾವ ಆಚಾರ್ಯರೂ ಉತ್ತರ ಕೊಟ್ಟಿಲ್ಲ.

ಉಳಿದವರು ಮಾತ್ರೆವಾದಿಗಳು. ಅಲೋಪ್ಯೂರಿನಾಲ್ ಕಂಡುಹಿಡಿದ ಹಿಚಿಂಗ್ಸ್ ಮತ್ತು ಎಲಿಯನ್ 1988ರ ನೊಬೆಲ್ ಪ್ರಶಸ್ತಿ ಹಂಚಿಕೊಂಡವರು. ಪಥ್ಯದಿಂದ ಇಳಿಯುವುದಕ್ಕಿಂತ ಹೆಚ್ಚು ಯೂರಿಕ್ ಆಸಿಡನ್ನು ಆ ಮಾತ್ರೆ ಇಳಿಸುತ್ತದೆ. ಆದರೆ ನೋವು ಹೋದ ಮೇಲೂ ಅದನ್ನು ದಿನವೂ ನುಂಗಬೇಕೆಂಬ ದೋಷದಿಂದಾಗಿ ಪಂಥ ಅದನ್ನು ತಿರಸ್ಕರಿಸಿದೆ. ದಿನವೂ ಮೀನು ತಿನ್ನಲು ಬೇಸರಿಸದವರಿಗೆ ದಿನವೂ ಮಾತ್ರೆ ಏಕೆ ಬೇಸರವೆಂಬ ಪ್ರಶ್ನೆಯ ವಿಚಾರ ಎರಡನೇ ಸಂಪುಟದಲ್ಲಿ ಬರಲಿದೆ. ಅದನ್ನು ಬರೆಯಬೇಕಾದ ಪಂಡಿತರಿಗೆ ಸದ್ಯ ನೆಲಕ್ಕೆ ಕಾಲೂರಲಾಗುತ್ತಿಲ್ಲ.